ಡ್ರೈವರ್ ಹೇಳಿದ ಹೆಸರು

ಮಾವನ ರಾಜಕೀಯದ ಕಥೆಯನ್ನು ಸೊಸೆ ಯಾರ ಬಾಯಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ಅದು ಅವರ ಮೈಮೇಲೇ ಇತ್ತು. ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂಬತ್ತು ವರ್ಷ ನರ್ಸ್ ಆಗಿ ದುಡಿದವಳಿಗೆ ಗಾಯ ಎಷ್ಟು ಹಳೆಯದು, ಯಾವುದರಿಂದ ಆದದ್ದು ಎನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಎಡ ದವಡೆ ಕೊಂಚ ಒಳಕ್ಕೆ ಕುಸಿದದ್ದು ಬಸ್ ನೌಕರರ ಮುಷ್ಕರದಲ್ಲಿ ಬಿದ್ದ ಲಾಠಿಯಿಂದ. ಆಗ ಅವರು ಬರೀ ಕಂಡಕ್ಟರ್. ಆ ಏಟೇ ಅವರನ್ನು ಸಂಘದ ಕಾರ್ಯದರ್ಶಿ ಮಾಡಿತು. ನೆತ್ತಿಯ ಏಳು ಹೊಲಿಗೆ ನಗರಸಭೆಯ ಚುನಾವಣೆಯಲ್ಲಿ ಹಾರಿಬಂದ ಸೋಡಾ ಬಾಟಲಿಯದು. ಬಲ ಹೆಗಲಿನ ಉಬ್ಬು, ಮೊದಲ ಸಲ ಶಾಸಕರಾದಾಗ ಮೆರವಣಿಗೆಯ ಜೀಪಿನಿಂದ ಬಿದ್ದದ್ದು. ಅಲ್ಲಿಂದ ಮುಂದೆ ಹೊಸ ಗಾಯ ಒಂದೂ ಇರಲಿಲ್ಲ. ನಾಲ್ಕು ಸಲ ಶಾಸಕ, ಅದರಲ್ಲಿ ಎರಡು ವರ್ಷ ಸಾರಿಗೆ ಮಂತ್ರಿ. ಅವರು ಮೇಲೇರಿದಂತೆಲ್ಲ ಏಟು ತಿನ್ನುವವರು ಬೇರೆಯವರಾಗಿದ್ದರು.

ಈಗ ಹಸಿಯಾಗಿದ್ದುದು ಕಾಲಿನ ಹುಣ್ಣೊಂದೇ, ಸಕ್ಕರೆ ಕಾಯಿಲೆಯದು. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಊಟದ ಮನೆಯಲ್ಲೇ ಮಾವನ ಎದುರು ಸ್ಟೂಲ್ ಹಾಕಿಕೊಂಡು ಸೊಸೆ ಅದಕ್ಕೆ ಕಟ್ಟು ಹಾಕುತ್ತಿದ್ದಳು. ಮಾವ ಒಂದು ಕಾಲನ್ನು ಅವಳ ಮಡಿಲಿಗೆ ಚಾಚಿ, ಮೊಟ್ಟೆ ಬ್ರೆಡ್ಡು ತಿನ್ನುತ್ತಾ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರ ಪೈಕಿ ಯಾರನ್ನು ಮೊದಲು ಒಳಗೆ ಬಿಡಬೇಕೆಂದು ಹೇಳುತ್ತಿದ್ದರು. ಆ ಸೋಮವಾರವೂ ಹಾಗೇ ಕೂತಿದ್ದರು. ಚಿಕ್ಕ ಮಗ ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದ.

"ಅಪ್ಪಾ, ಡ್ರೈವರ್ ನಾಮಪತ್ರ ಹಾಕಿದಾನಂತೆ."

"ಯಾವ ಡ್ರೈವರು?"

"ನಿಮಗೆ ಎಷ್ಟು ಜನ ಡ್ರೈವರ್ ಗೊತ್ತು? ನಿಮ್ಮ ಡ್ರೈವರೇ."

ಸೊಸೆಯ ಮಡಿಲಲ್ಲಿದ್ದ ಕಾಲು ಬಿಗಿಯಾಯಿತು. ಹನ್ನೆರಡು ವರ್ಷ ಒಂದೇ ಬಸ್ಸಿನಲ್ಲಿ ಅವನು ಸ್ಟಿಯರಿಂಗ್ ಹಿಡಿದಿದ್ದ, ಇವರು ಸೀಟಿ ಊದಿದ್ದರು. ಮುಷ್ಕರದಲ್ಲಿ ಡಿಪೋ ಗೇಟಿಗೆ ಅಡ್ಡ ಮಲಗಿದ ಮೊದಲನೆಯವನು ಅವನು. ಇವರ ಮೊದಲ ಮೂರು ಚುನಾವಣೆಗೆ ಸೈಕಲ್ಲಿನ ಮೇಲೆ ಮೈಕು ಕಟ್ಟಿಕೊಂಡು ಕೂಗಿದವನೂ ಅವನೇ. ಇವರು ಮಂತ್ರಿಯಾಗಿದ್ದಾಗ ಡಿಪೋ ಜಾಗವನ್ನು ಮಾರುಕಟ್ಟೆ ಕಟ್ಟಡಕ್ಕೆ ಕೊಡುವ ಕಾಗದಕ್ಕೆ ಸಹಿ ಹಾಕಿದ ಮೇಲೆ ಅವನು ಈ ಮನೆಗೆ ಬಂದಿರಲಿಲ್ಲ. ಡಿಪೋ ಹಿಂದಿನ ಸಾಲುಮನೆಗಳಲ್ಲೇ ಅವನೂ ಇದ್ದ. ಕಟ್ಟಡ ಬಂದರೆ ಆ ಮನೆಗಳೂ ಹೋಗುವಂಥವು.

ಮಾವ ತಟ್ಟೆಯನ್ನೆತ್ತಿ ಗೋಡೆಗೆ ಬೀಸಿದರು. ಅರ್ಧ ತಿಂದ ಮೊಟ್ಟೆ ಕ್ಯಾಲೆಂಡರಿನ ಮೇಲಿಂದ ಜಾರಿ ನೆಲಕ್ಕಿಳಿಯಿತು.

ಅತ್ತೆ ಅಡುಗೆಮನೆಯಿಂದ ಬಂದು ಚೂರು ಆಯುತ್ತಾ ಅಂದರು: "ಪ್ರತಿ ಚುನಾವಣೆಗೂ ಒಂದೊಂದು ಸೆಟ್ಟು ತಟ್ಟೆ. ಇನ್ಮೇಲೆ ಸ್ಟೀಲಿನದೇ ತರ್ತೀನಿ. ಬಡಿದ್ರೆ ಗೋಡೆಗೆ ನೋವಾಗ್ಲಿ."

ಮಾವ ಚಿಕ್ಕವನ ಕಡೆ ನೋಡಿದರು. "ಅವನು ಗೆಲ್ಲಲ್ಲ. ಆದ್ರೆ ಡಿಪೋದೋರ ಓಟೆಲ್ಲ ಒಡೀತಾನೆ. ವಾಪಸ್ ತಗೊಳ್ಳೋಕೆ ಶುಕ್ರವಾರ ಕೊನೆ. ಅಷ್ಟರೊಳಗೆ ಅವನು ಹಿಂದೆ ಸರೀಬೇಕು."

"ಹೋಗಿ ಮಾತಾಡ್ಲಾ?"

"ಮಾತಾಡೋದು ನಾನೇ ಆಡಿ ಆಯ್ತು. ಅವನು ಸರೀಬೇಕು ಅಷ್ಟೆ. ಹೇಗೆ ಅಂತ ನನ್ನ ಕೇಳ್ಬೇಡ."

ಮೇಜಿನ ಆ ತುದಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದ ದೊಡ್ಡ ಮಗ, ಸೊಸೆಯ ಗಂಡ, ತಲೆಯೆತ್ತಿದ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆಯಲ್ಲೂ ಎಲ್ಲರೂ ಅವನನ್ನು ಅರ್ಧ ಗೌರವ, ಅರ್ಧ ತಮಾಷೆಗೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. "ಹೇಗೆ ಅಂತ ಕೇಳ್ಲೇಬೇಕಪ್ಪ," ಅಂದ.

"ಮೇಷ್ಟ್ರೇ, ನಿಮ್ಮ ಶಾಲೆ ಗಂಟೆ ಆಯ್ತು," ಅಂದರು ಮಾವ.

ಸೊಸೆ ಬ್ಯಾಂಡೇಜಿನ ತುದಿ ಹರಿದು ಗಂಟು ಹಾಕಿದಳು. ಅವಳೂ ಬಾಯಿ ಬಿಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಬೇಕೆನ್ನುವಾಗ ತುರ್ತು ವಿಭಾಗದ ಬಾಗಿಲಲ್ಲಿ ಗಲಾಟೆಯಾಯಿತು. ಡಿಪೋದ ಇಬ್ಬರು ಮೆಕ್ಯಾನಿಕ್‌ಗಳು ಒಬ್ಬನನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಬಂದಿದ್ದರು. ಹಿಂದೆ ಬರಿಗಾಲಲ್ಲಿ ಅವನ ಹೆಂಡತಿ. ಬಸ್ ತೊಳೆಯುವ ಗುಂಡಿಯಲ್ಲಿ ಬಿದ್ದಿದ್ದ, ನಾವು ಊಟ ಮುಗಿಸಿ ಬಂದಾಗ ಕಂಡದ್ದು ಎಂದರು ಅವರು. ಸೊಸೆ ಬಟ್ಟೆ ಕತ್ತರಿಸಿ ನೋಡಿದಳು. ಎರಡೂ ಮುಂಗೈ ಮುರಿದಿದ್ದವು, ಏಟು ತಡೆಯಲು ಎತ್ತಿದ ಕೈಗಳು ಹೇಗೆ ಮುರಿಯುತ್ತವೋ ಹಾಗೆ. ತಲೆ ಒಡೆದಿತ್ತು. ಪಕ್ಕೆಯ ಮೇಲೆ ಉದ್ದಕ್ಕೆ ಪಟ್ಟೆಪಟ್ಟೆಯಾಗಿ ಕಪ್ಪಗಾಗಿತ್ತು, ಟೈರ್ ಬಿಚ್ಚುವ ಕಬ್ಬಿಣದ ರಾಡಿನ ಅಗಲಕ್ಕೆ ಸರಿಯಾಗಿ. ಹೊಟ್ಟೆ ಬಿಗಿದು ಹಲಗೆಯಾಗಿತ್ತು.

ಡ್ರೈವರ್ ಕಣ್ಣು ಬಿಟ್ಟ. ಅವಳ ಗುರುತು ಸಿಕ್ಕಿತು.

"ನೀನಾ ಮಗಳೇ. ಒಳ್ಳೇದಾಯ್ತು."

"ಮಾತಾಡ್ಬೇಡಿ ಮಾಮ."

ಹೆಂಡತಿಯ ಕೈಗೆ ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸಿದಳು. ಆಮೇಲೆ ರಿಜಿಸ್ಟರ್ ಎಳೆದುಕೊಂಡಳು. ಹೆಸರು, ವಯಸ್ಸು, ವಿಳಾಸ. ಗಾಯ ಹೇಗಾಯಿತು ಎನ್ನುವ ಕಾಲಮ್ಮಿಗೆ ಪೆನ್ನು ಬಂದು ನಿಂತಿತು.

"ನಿಮ್ಮ ಚಿಕ್ಕವನೇ," ಅಂದ ಡ್ರೈವರ್. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. "ಇನ್ನಿಬ್ಬರು ಹಿಡ್ಕೊಂಡಿದ್ರು. ಹೊಡೆದದ್ದು ಅವನೇ. ಹೆಸರು ಬರ್ಕೋ ಮಗಳೇ. ಎತ್ತಿ ಆಡಿಸಿದೀನಿ ಅವನನ್ನ, ತಪ್ಪಿಲ್ಲ. ಬರ್ಕೋ."

ಅವಳು ಮೊದಲ ಅಕ್ಷರ ಬರೆಯುವಷ್ಟರಲ್ಲಿ ಬಾಗಿಲ ಬಳಿ ನೆರಳು ಬಿತ್ತು. ಚಿಕ್ಕವನು ಚೌಕಟ್ಟಿಗೆ ಒರಗಿ ನಿಂತಿದ್ದ. ಬಲಗೈ ಗೆಣ್ಣುಗಳಿಗೆ ಕರವಸ್ತ್ರ ಸುತ್ತಿತ್ತು. ಆಚೆ ಬೆಡ್ಡಿನ ಹತ್ತಿರ ನಿಂತಿದ್ದ ಡ್ಯೂಟಿ ಡಾಕ್ಟರ ಕಡೆಗೊಮ್ಮೆ ನೋಡಿದ.

ಡಾಕ್ಟರು ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಮೆಟ್ಟಿಲಿಂದ ಬಿದ್ದದ್ದು ಅಂತ ಬರೀರಿ, ಸಿಸ್ಟರ್."

"ಪೇಷಂಟು ಬೇರೆ ಹೇಳ್ತಿದಾರೆ ಸರ್."

"ತಲೆಗೆ ಪೆಟ್ಟಾದೋರು ನೂರು ಹೇಳ್ತಾರೆ. ನನ್ನ ವರ್ಗಾವಣೆ ಕಾಗದ ಯಾರ ಮೇಜಿನ ಮೇಲಿದೆ ಗೊತ್ತಲ್ಲ. ಅದು ನಿಮ್ಮ ಮನೆಯದೇ ಮೇಜು. ನನ್ನನ್ನ ಕಷ್ಟಕ್ಕೆ ಸಿಕ್ಕಿಸ್ಬೇಡಿ."

ಸೊಸೆ ಬರೆದ ಅಕ್ಷರ ಹೊಡೆದು ಹಾಕಿದಳು. ಪಕ್ಕದಲ್ಲಿ 'ಮೆಟ್ಟಿಲಿನಿಂದ ಬಿದ್ದು' ಎಂದು ಬರೆದಳು. ಅಕ್ಷರ ಎಂದಿನಂತೆ ನೀಟಾಗಿ ಬಂತು. ಅದೇ ಅವಳನ್ನು ಆಮೇಲೆ ಬಹಳ ದಿನ ಕಾಡಿದ್ದು. ಡ್ರೈವರ್ ಪೆನ್ನನ್ನೇ ನೋಡುತ್ತಿದ್ದ. ಮೂವತ್ತು ವರ್ಷ ರಸ್ತೆ ಬದಿಯ ಬೋರ್ಡು ಓದಿದವನಿಗೆ ತಲೆಕೆಳಗಾದ ಅಕ್ಷರ ಓದುವುದು ಕಷ್ಟವಾಗಲಿಲ್ಲ. ಓದಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅಂದು ಸಂಜೆ ಊಟಕ್ಕೆ ಕೂತಾಗ ಚಿಕ್ಕವನು ಎಡಗೈಯಲ್ಲಿ ತಿನ್ನುತ್ತಿದ್ದ.

"ಕೈಗೇನಾಯ್ತೋ?" ಎಂದರು ಅತ್ತೆ.

"ಜಿಮ್ಮಲ್ಲಿ ತಗಲ್ತು. ಅತ್ತಿಗೆ, ಊಟ ಆದ್ಮೇಲೆ ಸ್ವಲ್ಪ ಔಷಧಿ ಹಚ್ಚು."

"ನೀನೇ ಹಚ್ಕೋ," ಅಂದಳು ಸೊಸೆ.

ಮೇಷ್ಟ್ರು ಚಮಚ ಕೆಳಗಿಟ್ಟ. ಹೆಂಡತಿ ಬಸ್ಸಿಳಿದ ಕೂಡಲೇ ಅವನಿಗೆ ಎಲ್ಲ ಹೇಳಿದ್ದಳು. "ಅರವತ್ತೈದು ವರ್ಷದ ಮುದುಕ ಅವನು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತು ಬೆಳೆದೋನು ನೀನು. ಮೂರು ಜನ ಸೇರಿ ಹೊಡೆಯೋಕೆ ನಾಚಿಕೆ ಆಗ್ಲಿಲ್ವಾ?"

"ಬಾಯಿ ಮುಚ್ಚು."

"ಇಲ್ಲಾಂದ್ರೆ? ನನಗೂ ರಾಡು ತರ್ತೀಯಾ?"

ಚಿಕ್ಕವನು ರಾಡು ತರಲಿಲ್ಲ. ನೀರಿನ ಹೂಜಿಯನ್ನೆತ್ತಿ ಅಣ್ಣನ ಮುಖಕ್ಕೆ ಬಡಿದ. ಕನ್ನಡಕ ಎರಡು ತುಂಡಾಗಿ ಅನ್ನದ ಪಾತ್ರೆಗೆ ಬಿತ್ತು. ಅಣ್ಣ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ತಮ್ಮ ಅವನ ಎದೆಯ ಮೇಲೆ ಮಂಡಿಯೂರಿ ಒಂದೇ ಸಮ ಗುದ್ದಿದ. ಅತ್ತೆ ಮಗನ ಕೂದಲು ಹಿಡಿದು ಎಳೆದರು. ಅವನು ಮೊಣಕೈಯಿಂದ ತಳ್ಳಿದ ರಭಸಕ್ಕೆ ಬೀರುವಿಗೆ ಹೋಗಿ ತಾಗಿದರು. ಸೊಸೆ ಕುದಿಯುವ ಬಟಾಣಿ ಪಾತ್ರೆ ಎತ್ತಿಕೊಂಡು ಬಂದು ಅವನ ತಲೆಯ ಮೇಲೆ ಹಿಡಿದಳು. "ಏಳ್ತೀಯೋ, ಸುರೀಲೋ?"

ಅವನು ಎದ್ದ.

ಇಷ್ಟು ಹೊತ್ತೂ ಮಾವ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. "ಊಟದ ಹೊತ್ತಲ್ಲಿ ಗಲಾಟೆ ಬೇಡ," ಅಂದರು. "ಆಸ್ಪತ್ರೆ ಕಾಗದದಲ್ಲಿ ಬಿದ್ದದ್ದು ಅಂತ ಇದೆ. ಅಲ್ಲಿಗೆ ಮುಗೀತು. ಒಳ್ಳೆ ಕೆಲಸ ಮಾಡ್ದೆ ಮಗಳೇ."

ಸೊಸೆ ಗಂಡನ ತುಟಿಗೆ ಎರಡು ಹೊಲಿಗೆ ಹಾಕಿ, ಸಿಂಕಿನ ಮುಂದೆ ನಿಂತು ತಿಂದದ್ದನ್ನೆಲ್ಲ ಕಕ್ಕಿದಳು.

ಶುಕ್ರವಾರ ಕಳೆಯಿತು. ನಾಮಪತ್ರ ವಾಪಸ್ ತೆಗೆದುಕೊಳ್ಳಲು ಪ್ರಜ್ಞೆಯಿರುವ ಮನುಷ್ಯ ಬೇಕು, ಡ್ರೈವರಿಗೆ ಬಂದುಹೋಗುವ ಪ್ರಜ್ಞೆ. ನಾಲ್ಕು ದಿನ ಅವನು ವಾರ್ಡಿನಲ್ಲಿ ಮಲಗಿದ್ದ. ಸೊಸೆ ದಿನಕ್ಕೆ ಮೂರು ಸಲ ಹೋಗಿ ಸಲೈನ್ ಬದಲಾಯಿಸಿ, ಅವನ ಹೆಂಡತಿಯ ಕಣ್ಣಿಗೆ ಕಣ್ಣು ಕೊಡದೆ ಬರುತ್ತಿದ್ದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಸತ್ತ. ಸೊಸೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು.

ಮಧ್ಯಾಹ್ನ ಡಿಪೋದವರು ಹೆಣವನ್ನು ಬಸ್ಸಿನಲ್ಲಿಟ್ಟುಕೊಂಡು ಶಾಸಕರ ಮನೆಯ ಗೇಟಿಗೆ ತಂದರು. ಡ್ರೈವರ್ ಸೀಟು ಖಾಲಿ ಬಿಟ್ಟು, ಇಪ್ಪತ್ತು ಜನ ಹಿಂದಿನಿಂದ ಬಸ್ಸನ್ನು ತಳ್ಳಿಕೊಂಡೇ ಬಂದಿದ್ದರು. ಮೊದಲು ಕೂಗಾಟ, ಆಮೇಲೆ ಕಲ್ಲು. ಮುಂಬಾಗಿಲ ಗಾಜು, ಕಾರಿನ ಗಾಜು, ಗೋಡೆಯ ಮೇಲಿದ್ದ ಮಾವನ ಆಳೆತ್ತರದ ಭಾವಚಿತ್ರ ಎಲ್ಲ ಒಂದೊಂದಾಗಿ ಹೋದವು. ಚಿಕ್ಕವನು ತನ್ನ ಹುಡುಗರ ಜೊತೆ ಶೆಡ್ಡಿನಿಂದ ನುಗ್ಗಿದ. ಡ್ರೈವರನ್ನು ಆಸ್ಪತ್ರೆಗೆ ಹೊತ್ತು ತಂದ ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಒಬ್ಬನು ಗೇಟು ಹತ್ತುತ್ತಿದ್ದ. ಚಿಕ್ಕವನು ಬೀಸಿದ ಏಟಿಗೆ ಅವನ ತೋಳು ಗೇಟಿನ ಮೊನೆಗೆ ಸಿಕ್ಕಿ, ಅಲ್ಲೇ ತೂಗಾಡಿದ. ಪೊಲೀಸರು ಬಂದು ಎರಡೂ ಕಡೆಯವರಿಗೆ ಬಾರಿಸಿದರು ಅಂತ ಪತ್ರಿಕೆಯಲ್ಲಿ ಬಂತು. ಸೊಸೆ ಅಡುಗೆಮನೆಯ ಕಿಟಕಿಯಿಂದ ನೋಡಿದ್ದು ಒಂದೇ ಕಡೆಯವರಿಗೆ ಬಾರಿಸಿದ್ದು.

ಅದೇ ಕಿಟಕಿಯಿಂದ ಬಂದ ಕಲ್ಲು ಅತ್ತೆಯ ತಲೆಗೆ ಬಿತ್ತು.

ಬಾಗಿಲು ಹಾಕಿ, ಅವರನ್ನು ನೆಲದ ಮೇಲೆ ಕೂರಿಸಿ, ಸೊಸೆ ಸೂಜಿ ತೆಗೆದಳು. "ಅತ್ತೆ, ಮರಗಟ್ಟೋ ಇಂಜೆಕ್ಷನ್ ಮನೆಯಲ್ಲಿಲ್ಲ."

"ಹೊಲಿ. ಮಾತಾಡ್ತಾ ಹೊಲಿ. ಮೇಷ್ಟ್ರು ಅವತ್ತು ಅಂದದ್ದು ಸಾಲ್ದು, ನಿನ್ನ ಬಾಯಿಂದ ಕೇಳ್ಬೇಕು. ಡ್ರೈವರ್ ಬಿದ್ದದ್ದಾ?"

"ಅಲ್ಲ ಅತ್ತೆ."

"ಯಾರು?"

ಸೂಜಿ ಚರ್ಮ ದಾಟಿತು. ಅತ್ತೆ ಮುಖ ಕಿವುಚಲಿಲ್ಲ.

"ಚಿಕ್ಕವನು. ಡ್ರೈವರ್ ಮಾಮ ನನಗೇ ಹೇಳಿದ್ರು. ನಾನು ಬೇರೆ ಬರೆದೆ."

ಹೊರಗೆ ಯಾರೋ ಕಿರುಚುತ್ತಿದ್ದರು. ಅತ್ತೆ ತಮ್ಮ ರಕ್ತ ಹನಿಯುತ್ತಿದ್ದ ಸೆರಗನ್ನೇ ನೋಡುತ್ತಾ ಕೂತರು. "ಎಷ್ಟಾಯ್ತು?"

"ಮೂರು. ಇನ್ನೆರಡಿದೆ."

"ನಿನ್ನ ಮಾವನ ದವಡೆ ಮುರಿದಾಗ ನಾನು ಚಿಕ್ಕವನ ಬಾಣಂತಿ. ಎದ್ದು ಒಲೆ ಹಚ್ಚೋ ಹಾಗಿರ್ಲಿಲ್ಲ. ಡ್ರೈವರ್ ಹೆಂಡ್ತಿ ನಲವತ್ತು ದಿನ ಗಂಜಿ ಕಾಯಿಸಿ ಕಳಿಸಿದ್ಳು. ಅವರಿಗೆ ತೆಳ್ಳಗೆ, ನನಗೆ ಗಟ್ಟಿಯಾಗಿ, ಎರಡು ಬೇರೆ ಬೇರೆ ಪಾತ್ರೆ." ರಕ್ತದ ಸೆರಗನ್ನು ಹಿಂಡಿದರು. "ಆ ಗಂಜಿ ಕುಡಿದು ಬಂದ ಹಾಲಲ್ಲೇ ಅಲ್ವೇನೆ ಅವನು ಬೆಳೆದದ್ದು?"

ಸೊಸೆ ದಾರ ಕತ್ತರಿಸಿದಳು.

ಮರುದಿನ ಬೆಳಿಗ್ಗೆ ಊಟದ ಮನೆಯ ಗಾಜಿನ ಚೂರು ಗುಡಿಸಿ, ಎಂದಿನಂತೆ ಸ್ಟೂಲ್ ಹಾಕಿ ಮಾವನ ಕಾಲನ್ನು ಮಡಿಲಿಗೆ ತೆಗೆದುಕೊಂಡಳು. ಅರ್ಧ ಕಟ್ಟು ಸುತ್ತಿದ ಮೇಲೆ ಹೇಳಿದಳು: "ಮಾವ, ಇವತ್ತು ನಾನು ಮ್ಯಾಜಿಸ್ಟ್ರೇಟ್ ಹತ್ರ ಹೋಗಿ ನಿಜ ಹೇಳ್ತೀನಿ. ನಿಮಗೆ ಹೇಳದೆ ಹೋಗ್ಬಾರ್ದು ಅಂತ ಹೇಳ್ತಿದೀನಿ."

ಮಾವ ಮೊದಲು ಸಮಾಧಾನವಾಗಿಯೇ ಮಾತಾಡಿದರು, ವೇದಿಕೆಯ ಮೇಲಿನ ದನಿಯಲ್ಲಿ. "ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ."

"ಸುಳ್ಳು ದಾಖಲೆ ಬರೆದ್ಳು ಅಂತ ನಿನ್ನ ಮೇಲೂ ಕೇಸಾಗುತ್ತೆ."

"ಬರೆದದ್ದು ನಿಜ ತಾನೇ ಮಾವ. ಆಗ್ಲಿ."

"ಓಟಿಗೆ ಇನ್ನು ಹದಿನೆಂಟು ದಿನ. ಆದ್ಮೇಲೆ ಏನಾದ್ರೂ ಹೇಳ್ಕೋ."

"ಆದ್ಮೇಲೆ ನೀವು ಮತ್ತೆ ಮಂತ್ರಿ ಆಗಿರ್ತೀರಿ. ಆಗ ಯಾರು ಕೇಳ್ತಾರೆ?"

ಕತ್ತರಿ, ಹತ್ತಿ ಇಟ್ಟಿದ್ದ ಸ್ಟೀಲಿನ ಟ್ರೇ ಮಾವನ ಕೈಗೆ ಸಿಕ್ಕಿತು. ಅದರ ಅಂಚು ಅವಳ ಹುಬ್ಬಿಗೆ ಬಿತ್ತು. ಸ್ಟೂಲಿನಿಂದ ಉರುಳಿದವಳ ಪಕ್ಕೆಗೆ ಒಳ್ಳೆಯ ಕಾಲಿನಿಂದ ಒದ್ದರು. ಒಮ್ಮೆ, ಮತ್ತೊಮ್ಮೆ. ಒದೆಯುವಾಗ ಹುಣ್ಣಿನ ಕಾಲ ಮೇಲೆ ಭಾರ ಬಿದ್ದು ಅವರೇ ನೋವಿಗೆ ಕೂಗಿಕೊಂಡರು. ಕುರ್ಚಿಗೆ ಕುಸಿದು ಏದುಸಿರು ಬಿಡುತ್ತಾ, ಏನೂ ಆಗದವರಂತೆ ಕಾಲು ಚಾಚಿದರು.

"ಕಟ್ಟು ಮುಗ್ಸು."

"ನೀವೇ ಕಟ್ಕೊಳ್ಳಿ," ಅಂದಳು ಸೊಸೆ. ಕಣ್ಣಿಗಿಳಿಯುತ್ತಿದ್ದ ರಕ್ತವನ್ನು ತೋಳಿನಿಂದ ಒರೆಸಿಕೊಂಡು ಎದ್ದಳು.

ಗೇಟಿನ ಹತ್ತಿರ ಚಿಕ್ಕವನು ಅಡ್ಡ ಬಂದ. ಅಪ್ಪ ಕೂಗಿ ಹೇಳಿದ್ದರು. ಅತ್ತಿಗೆಯ ಜಡೆ ಹಿಡಿದು ಒಳಗೆ ಎಳೆಯುತ್ತಾ, ಇನ್ನೊಂದು ಕೈಯಿಂದ ಗೇಟಿನ ಕಂಬ ಹಿಡಿದಿದ್ದ. ಸ್ಕೂಟರಿನ ಹತ್ತಿರ ಕಾಯುತ್ತಿದ್ದ ಮೇಷ್ಟ್ರಿಗೆ ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ಮಂಜುಮಂಜಾಗಿ ತಮ್ಮನ ಕೈ ಕಂಡಿತು, ಅಷ್ಟೇ. ಕಬ್ಬಿಣದ ಗೇಟನ್ನು ಮೈಯ ಭಾರವೆಲ್ಲ ಬಿಟ್ಟು ಆ ಕೈಯ ಮೇಲೆ ಜಪ್ಪಿದ. ಬೆರಳು ಮುರಿದ ಸದ್ದು ಮೂವರಿಗೂ ಕೇಳಿತು. ಜಡೆ ಸಡಿಲವಾಯಿತು.

"ಸ್ಕೂಟರ್ ಹತ್ತು," ಅಂದ ಮೇಷ್ಟ್ರು. ಕನ್ನಡಕವಿಲ್ಲದೆ ಓಡಿಸುವುದು ಅವನಿಂದಾಗುತ್ತಿರಲಿಲ್ಲ. ಅವಳೇ ಸ್ಟಾರ್ಟ್ ಮಾಡಿ, ಅವಳೇ ಓಡಿಸಿದಳು.

ಮ್ಯಾಜಿಸ್ಟ್ರೇಟ್ ಹೆಂಗಸು. ಹೇಳಿಕೆ ಬರೆದುಕೊಳ್ಳುವ ಮುಂಚೆ ಹುಬ್ಬಿಗೆ ಏನಾಯಿತು ಎಂದು ಕೇಳಿದರು. "ಬೀರು ಬಾಗಿಲು ತಗಲ್ತು" ಎಂದು ಸೊಸೆಯ ಬಾಯಿಂದ ತಾನಾಗಿ ಹೊರಟಿತು. ಆಸ್ಪತ್ರೆಗೆ ಬರುವ ಹೆಂಗಸರ ಬಾಯಲ್ಲಿ ಸಾವಿರ ಸಲ ಕೇಳಿದ ಮಾತು. ಆದರೆ ಡ್ರೈವರ್ ಹೇಳಿದ ಹೆಸರನ್ನು ಮಾತ್ರ ಅವನು ಹೇಳಿದ ಹಾಗೇ ಹೇಳಿದಳು. ರಿಜಿಸ್ಟರ್ ತರಿಸಿದರು. ಹೊಡೆದು ಹಾಕಿದ ಅಕ್ಷರ ಅಲ್ಲಿತ್ತು.

ಎರಡು ದಿನಕ್ಕೆ ಅವಳು ಅಮಾನತಾದಳು. ಗಂಡ ಹೆಂಡತಿ ಶಾಲೆಯ ಹತ್ತಿರ ದರ್ಜಿ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದರು. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು, ಒಂದೇ ಒಲೆ, ನೀರಿಗೆ ಹಿತ್ತಲಿನ ನಲ್ಲಿ. ಮೂರನೆಯ ದಿನ ಪೊಲೀಸರು ಚಿಕ್ಕವನನ್ನು ಹಿಡಿದರು. ಆ ಸಂಜೆ ದರ್ಜಿಯ ಅಂಗಡಿಯ ಟಿವಿಯಲ್ಲಿ ಮಾವ ಕಾಣಿಸಿಕೊಂಡರು. ಕಣ್ಣು ಒದ್ದೆಯಾಗಿತ್ತು, ದನಿ ಗಟ್ಟಿಯಾಗಿತ್ತು.

"ನನ್ನ ಸ್ನೇಹಿತನನ್ನು ಕೊಂದವನು ನನ್ನ ಮಗನೇ ಆದರೂ ನಾನು ಬಿಡಲ್ಲ. ನನ್ನ ಸೊಸೆಯನ್ನು ನಾನೇ ಕಳಿಸಿದೆ. ಹೋಗಮ್ಮ, ನಿಜ ಹೇಳು, ಈ ಮನೆ ಉರಿದುಹೋದರೂ ಚಿಂತೆಯಿಲ್ಲ ಅಂದೆ."

ದರ್ಜಿ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡ. "ಎಂಥಾ ಮನುಷ್ಯರಮ್ಮ ನಿಮ್ಮ ಮಾವ!"

ಊರೆಲ್ಲ ಹಾಗೇ ಅಂದಿತು. ಸೋಲುತ್ತಾರೆ ಎಂದಿದ್ದವರೇ ಈಗ ಇವರ ಬಾವುಟ ಕಟ್ಟಿದರು. ಓಟಿಗೆ ನಾಲ್ಕು ದಿನವಿದ್ದಾಗ ಅತ್ತೆ ಕೋಣೆಗೆ ಬಂದರು. ತಲೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ನಾಳೆ ಡಿಪೋ ಮೈದಾನದಲ್ಲಿ ದೊಡ್ಡ ಸಭೆ. ನಿನ್ನ ಕೈ ಹಿಡಿದು ಜನಕ್ಕೆ ತೋರಿಸ್ಬೇಕಂತೆ. ಬಾ ಅಂತ ಹೇಳಿ ಕಳಿಸಿದಾರೆ."

"ನೀವೇನಂತೀರಿ ಅತ್ತೆ?"

"ನಾನು ಬರ್ಬೇಡ ಅಂತೀನಿ. ಬಂದ್ರೆ ನೀನು ಸುಮ್ನಿರಲ್ಲ. ಸುಮ್ನಿರದಿದ್ರೆ ಅವರು ನಿನ್ನ ಸುಮ್ನೆ ಬಿಡಲ್ಲ."

"ಸುಮ್ನಿದ್ದು ಒಂದು ಜೀವ ಹೋಯ್ತಲ್ಲ ಅತ್ತೆ."

ಅತ್ತೆ ತಲೆ ಬಗ್ಗಿಸಿ, "ಈ ದಾರ ತೆಗೆದುಬಿಡು, ಕೆರೆತ ತಡೆಯೋಕಾಗಲ್ಲ," ಅಂದರು. ಸೊಸೆ ಐದೂ ಹೊಲಿಗೆ ಬಿಚ್ಚಿದಳು.

ಮೈದಾನದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಾವ ಅವಳ ಬಲಗೈ ಹಿಡಿದು ಮೇಲೆತ್ತಿದರು. ಜನ ಕೂಗಿದರು. ಮುಂದಿನ ಸಾಲುಗಳಲ್ಲಿ ಬರೀ ಹೆಂಗಸರು; ಹಾಗೆ ಕೂರಿಸಿದರೆ ಫೋಟೋ ಚೆನ್ನಾಗಿ ಬರುತ್ತದೆಂದು ಕೂರಿಸಿದ್ದು. "ಎರಡು ಮಾತಾಡಮ್ಮ," ಎಂದು ಮೈಕು ಅವಳ ಕೈಗೆ ಕೊಟ್ಟರು. ಅವರಿಗೆ ಭಯವಿರಲಿಲ್ಲ. ಹತ್ತು ಸಾವಿರ ಜನರ ಎದುರು ಮಾವನ ಮಾನ ತೆಗೆಯುವ ಸೊಸೆ ಉಂಟೆಂದು ಅವರ ತಲೆಗೇ ಬಂದಿರಲಿಲ್ಲ.

ಸೊಸೆಗೆ ಭಾಷಣ ಬರುತ್ತಿರಲಿಲ್ಲ. ವಾರ್ಡಿನಲ್ಲಿ ಮುಂದಿನ ಪಾಳಿಯ ನರ್ಸಿಗೆ ರೋಗಿಯ ವಿವರ ಒಪ್ಪಿಸುವ ದನಿಯಲ್ಲಿ ಹೇಳಿದಳು.

"ಇವರು ನನ್ನನ್ನ ಕಳಿಸ್ಲಿಲ್ಲ. ಹೋಗ್ಬೇಡ ಅಂತ ಹೊಡೆದ್ರು. ಹುಬ್ಬಿನ ಮೇಲಿರೋ ಈ ಗಾಯ ಇವರೇ ಮಾಡಿದ್ದು, ಸ್ಟೀಲ್ ಟ್ರೇಯಲ್ಲಿ. 'ಡ್ರೈವರ್ ಹಿಂದೆ ಸರೀಬೇಕು, ಹೇಗೆ ಅಂತ ನನ್ನ ಕೇಳ್ಬೇಡ' ಅಂತ ಮಗನಿಗೆ ಹೇಳಿದ್ದು ಇವರೇ. ನಾನು ಕಿವಿಯಾರೆ ಕೇಳಿದೀನಿ. ಆಸ್ಪತ್ರೆಯಲ್ಲಿ ಸುಳ್ಳು ಬರೆದದ್ದು..."

ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. "ಸುಳ್ಳು ಬರೆದದ್ದು ನಾನು!" ಎಂದು ಅವಳು ಬರಿಬಾಯಲ್ಲೇ ಕೂಗಿದಳು. ಮುಂದಿನ ಐದು ಸಾಲಿಗೆ ಕೇಳಿತು. ಅಲ್ಲಿಂದ ಹಿಂದಕ್ಕೆ ಮಾತು ಬೆಂಕಿ ಹತ್ತಿದ ಹಾಗೆ ಓಡಿತು. ವೇದಿಕೆಯ ಮೇಲಿದ್ದ ಒಬ್ಬ ಅವಳ ತೋಳನ್ನು ಹಿಂದಕ್ಕೆ ತಿರುಚಿದ. ಮೂಳೆ ಲಟಕ್ಕೆಂದಿತು. ಕುರ್ಚಿಗಳು ಹಾರಿದವು. ಮೊದಲ ಕುರ್ಚಿ ಎಸೆದದ್ದು ಮುಂದಿನ ಸಾಲಿನ ಒಬ್ಬ ಮುದುಕಿ ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು. ಎರಡನೆಯದು ಮಾವನ ಬಾಯಿಗೇ ಬಿತ್ತು. ಹಲ್ಲು ಮುರಿದು ರಕ್ತ ಉಗುಳುತ್ತಾ ಅವರು ಮೆಟ್ಟಿಲ ಕಡೆ ತೆವಳುತ್ತಿದ್ದರು. ಅವರ ಕಾವಲಿನ ಹುಡುಗರು ಅವರನ್ನು ದಾಟಿಕೊಂಡು ಓಡಿದರು. ಮೇಷ್ಟ್ರು ಹೆಂಡತಿಯನ್ನು ವೇದಿಕೆಯ ಕೆಳಗಿನ ಮರದ ತೊಲೆಗಳ ನಡುವೆ ಎಳೆದು, ಮೇಲೆ ಕಾಲುಗಳ ಗುಡುಗು ನಿಲ್ಲುವ ತನಕ ಅವಳ ಮೇಲೆ ಕವುಚಿ ಮಲಗಿದ.

ಮಾವ ಸೋತರು. ಗೆದ್ದವನು ಕಲ್ಲುಗಣಿಯ ಯಜಮಾನ, ಅವನೂ ಅಂಥ ಸಾಧುವೇನಲ್ಲ. ಮಾವನ ಪಕ್ಷದ ಕಚೇರಿಯವರು ಒಂದು ತಿಂಗಳಲ್ಲಿ ಗೋಡೆಯಿಂದ ಅವರ ಚಿತ್ರ ತೆಗೆದರು. ಮನೆಯ ಮುಂದಿನ ಬೆಂಚು ಖಾಲಿಯಾಯಿತು. ಆ ಸೋಮವಾರ ಊಟದ ಮೇಜಿನಲ್ಲಿ ಚಿಕ್ಕವನಿಗೆ ಹೇಳಿದ ಮಾತಿಗೆ ಅವರ ಮೇಲೂ ಕೇಸು ದಾಖಲಾಗಿ, ಜಾಮೀನಿನ ಮೇಲೆ ಮನೆಯಲ್ಲಿದ್ದರು. ಅತ್ತೆ ಆ ಮನೆ ಬಿಡಲಿಲ್ಲ. ದಿನಾ ಅಡುಗೆ ಮಾಡಿ ಗಂಡನ ಮುಂದೆ ಇಡುತ್ತಿದ್ದರು, ವಾರಕ್ಕೆರಡು ಸಲ ಡಬ್ಬಿ ಕಟ್ಟಿಕೊಂಡು ಜೈಲಿಗೆ ಹೋಗುತ್ತಿದ್ದರು, ಇಬ್ಬರ ಜೊತೆಗೂ ಮಾತಾಡುತ್ತಿರಲಿಲ್ಲ. ಭಾನುವಾರ ದರ್ಜಿ ಅಂಗಡಿಯ ಹಿಂದಿನ ಕೋಣೆಗೆ ಬಂದರೆ ಮಾತ್ರ ವಾರದ ಮಾತೆಲ್ಲ ಒಟ್ಟಿಗೆ ಆಡಿ ಹೋಗುತ್ತಿದ್ದರು.

ವಿಚಾರಣೆಗೆ ದಿನ ಗೊತ್ತಾದ ವಾರ ಸೊಸೆ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಡಿಪೋ ಹಿಂದಿನ ಸಾಲುಮನೆಗೆ ಹೋದಳು. ಅಲ್ಲಿಗೆ ಹೋಗಬೇಕೆಂದು ಎಷ್ಟೋ ಸಲ ಹೊರಟು ಅರ್ಧ ದಾರಿಯಿಂದ ತಿರುಗಿದ್ದಳು. ಡ್ರೈವರನ ಹೆಂಡತಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸೊಸೆ ಎದುರಿಗೆ ನೆಲದ ಮೇಲೆ ಕೂತಳು.

"ಮೈದಾನದಲ್ಲಿ ಹೇಳಿದ್ದು ಕೇಳ್ದೆ," ಅಂದಳು ಹೆಂಗಸು, ಮೊರದಿಂದ ಕಣ್ಣೆತ್ತದೆ. "ನಾಲ್ಕು ದಿನ ಇದ್ರಲ್ಲ ಅವರು. ನಾಲ್ಕು ದಿನ ಬಂದು ಬಾಟಲಿ ಬದಲಾಯಿಸಿ ಹೋದೆ. ಆಗ ಹೇಳಿದ್ರೆ ಅವರ ಕಿವಿಗೂ ಬೀಳ್ತಿತ್ತು."

"ಹೌದಮ್ಮ."

"ಕ್ಷಮಿಸು ಅಂತ ಕೇಳೋಕೆ ಬಂದಿದ್ರೆ ಎದ್ದು ಹೋಗು."

"ಅದಕ್ಕೆ ಬಂದಿಲ್ಲ. ಮುಂದಿನ ವಾರ ಕೋರ್ಟಿನಲ್ಲಿ ಎಲ್ಲರ ಮುಂದೆ ಹೇಳ್ಬೇಕು. ಅದಕ್ಕೆ ಮುಂಚೆ ನಿಮಗೆ ಹೇಳ್ಬೇಕಾಗಿತ್ತು."

ಮೊರ ನಿಂತಿತು. "ನನ್ನನ್ನ ಔಷಧಿಗೆ ಕಳಿಸಿದ್ಯಲ್ಲ. ಆಗ ಏನಂದ್ರು? ಪೂರ್ತಿ ಹೇಳು. ಏನೂ ಬಿಡ್ಬೇಡ."

ಸೊಸೆ ಹೇಳಿದಳು. ಬೆಡ್‌ಶೀಟಿನಲ್ಲಿ ಎತ್ತಿ ತಂದದ್ದರಿಂದ ಹಿಡಿದು, ನೀನಾ ಮಗಳೇ ಅಂದದ್ದು, ಹೆಸರು ಹೇಳಿದ್ದು, ಎತ್ತಿ ಆಡಿಸಿದೀನಿ ಅಂದದ್ದು. ಬಾಗಿಲಲ್ಲಿ ಯಾರು ನಿಂತಿದ್ದರು, ಡಾಕ್ಟರು ಏನಂದರು, ತಾನು ಏನು ಬರೆದೆ.

"ಅವರು ನೋಡಿದ್ರಾ, ನೀನು ಬರೆದದ್ದು?"

"ನೋಡಿದ್ರು. ಓದಿದ್ರು. ಆಮೇಲೆ ಮುಖ ತಿರುಗಿಸ್ಕೊಂಡ್ರು."

"ಯಾವ ಕಡೆ?"

"ಗೋಡೆ ಕಡೆ."

ಹೆಂಗಸಿನ ತುಟಿಯ ಮೂಲೆ ಅಲುಗಿತು.

"ಹಾಗಾದ್ರೆ ಸಿಟ್ಟು ಬಂದಿತ್ತು," ಅಂದಳು. "ಸಿಟ್ಟು ಬಂದ್ರೆ ಹಾಗೇ, ಗೋಡೆ ಕಡೆ ತಿರುಗಿ ಮಲಗ್ಬಿಡ್ತಿದ್ರು. ಕರೆದ್ರೂ ಓ ಅಂತಿರ್ಲಿಲ್ಲ. ನಲವತ್ತು ವರ್ಷ ನೋಡಿದೀನಿ ಆ ಬೆನ್ನನ್ನ. ಬೆಳಿಗ್ಗೆ ಎದ್ದು ತಾವೇ ಚಹಾ ಮಾಡಿ ತಂದುಕೊಡೋರು, ಏನೂ ಆಗೇ ಇಲ್ಲ ಅನ್ನೋ ಹಾಗೆ."

ಗಂಡ ಸತ್ತ ದಿನವೂ ಅಳದವಳು ಆ ಮಾತಿಗೆ ಅತ್ತಳು. ಮಡಿಲ ಮೊರ ಜಾರಿ ಅಕ್ಕಿಯೆಲ್ಲ ಹೊಸ್ತಿಲ ತುಂಬ ಚೆಲ್ಲಿತು. ಸೊಸೆ ಅವಳ ಮೈ ಮುಟ್ಟಲಿಲ್ಲ, ಸಮಾಧಾನದ ಮಾತು ಆಡಲಿಲ್ಲ, ಎದ್ದು ಹೋಗಲೂ ಇಲ್ಲ. ಅಳು ತಗ್ಗಿದ ಮೇಲೆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಂದ್ಸಲ ಹೇಳು," ಅಂದಳು. "ಬಾಗಿಲಿಂದ ಒಳಗೆ ಬಂದ್ರಲ್ಲ, ಅಲ್ಲಿಂದ."